ಮೂರೂವರೆ ಗಂಟೆ ಕಾಯಿಸಿ ಕೊಟ್ಟ ತರಬೇತಿ

ಮಾನ್ಯ ಸಂಪಾದಕರೇ,

ಹೈಸ್ಕೂಲ್ ಮಕ್ಕಳಿಗೆ ಕೊಟ್ಟ ಸಹಾನುಭೂತಿ ತರಬೇತಿ ಯಶಸ್ವಿ ಎಂದು ನಿನ್ನೆ ಜಿಲ್ಲಾ ಪುಟದಲ್ಲಿ ಫೋಟೊ ಸಮೇತ ಬಂದಿದೆ. ಶಾಲು ಹೊದಿಸಿಕೊಂಡವರೆಲ್ಲ ಫೋಟೊದಲ್ಲಿದ್ದಾರೆ. ಮಕ್ಕಳನ್ನು ಹುಡುಕಿದೆ, ಕಾಣಲಿಲ್ಲ.

ನನ್ನ ಮಗ ಒಂಬತ್ತನೇ ಕ್ಲಾಸ್. ಎಂಟಕ್ಕೇ ಬರಬೇಕು ಎಂದಿದ್ದರು, ಅರ್ಧ ತಿಂಡಿ ಬಿಟ್ಟು ಓಡಿದ. ಇಲಾಖೆಯ ಸಾಹೇಬರು ಬಂದದ್ದು ಹನ್ನೊಂದೂವರೆಗೆ. ಆಮೇಲೆ ಪ್ರಾರ್ಥನೆ, ಸ್ವಾಗತ, ದೀಪ, ಭಾಷಣದ ಮೇಲೆ ಭಾಷಣ. ಮನಶ್ಶಾಸ್ತ್ರದ ಮೇಡಂ ಕೈಗೆ ಮೈಕ್ ಸಿಗುವಾಗ ಊಟದ ಹೊತ್ತು ಮೀರಿತ್ತು. ಬೇಗ ಮುಗಿಸಿ ಅಂದರಂತೆ. ಮಗನನ್ನು ಕರೆತರಲು ಅಂಗಡಿ ಬಾಗಿಲು ಹಾಕಿ ಹೋದೆ. ಗೇಟಿಗೆ ಜೀಪು ಅಡ್ಡ ನಿಂತಿತ್ತು, ಒಳಗೂ ಬಿಡಲಿಲ್ಲ. ಬಸ್ ತಪ್ಪಿತು. ಆಟೋದವರು ಡಬಲ್ ಕೇಳಿದರು. ರಾತ್ರಿಯೆಲ್ಲ ಮಗನಿಗೆ ತಲೆನೋವು. ಇನ್ನೊಬ್ಬರ ಕಷ್ಟ ಅರಿಯುವುದು ಅಂದ್ರೆ ಇದೇ ಅಲ್ವಾ?

ತರಬೇತಿ ಬೇಡ ಎನ್ನುತ್ತಿಲ್ಲ. ಬಿದ್ದವನನ್ನು ಎತ್ತದೆ ವಿಡಿಯೊ ಮಾಡುವ ಹುಡುಗರು ನಮ್ಮ ಬೀದಿಯಲ್ಲೇ ಇದ್ದಾರೆ. ಆದರೆ ಇದು ಶಾಮಿಯಾನ ಹಾಕಿ ಕಲಿಸುವ ವಿಷಯವಲ್ಲ. ನಿಮ್ಹಾನ್ಸ್‌ನವರು ಹೈಸ್ಕೂಲ್ ಮಕ್ಕಳಿಗೆಂದೇ ಮಾಡಿರುವ ಜೀವನ ಕೌಶಲ ಪಾಠ ಇದೆ. ಅದರಲ್ಲಿ ಮಕ್ಕಳು ಚಿಕ್ಕ ಗುಂಪಿನಲ್ಲಿ ಆಟ ಆಡುತ್ತಾರೆ, ಇನ್ನೊಬ್ಬರ ಪಾತ್ರ ಮಾಡಿ ನೋಡುತ್ತಾರೆ, ಮಾತಾಡುತ್ತಾರೆ. ಮಾಡಿಸುವವರು ಅದೇ ಶಾಲೆಯ ಮೇಷ್ಟ್ರು. 2020ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಶಾಲಾ ಆರೋಗ್ಯ ಕಾರ್ಯಕ್ರಮದಲ್ಲೂ ಶಾಲೆಗೆ 2 ಶಿಕ್ಷಕರಿಗೆ ತರಬೇತಿ, ವಾರಕ್ಕೊಂದು ಗಂಟೆ ಪಾಠ ಅಂತ ಇದೆ. ಆ ಗಂಟೆ ಎಲ್ಲಿ ಹೋಯಿತು? ಕೇಳಿದರೆ ಮೊಟ್ಟೆ ಲೆಕ್ಕ, ಸಮೀಕ್ಷೆ, ಮತದಾರರ ಪಟ್ಟಿ ಎನ್ನುತ್ತಾರೆ ಮೇಷ್ಟ್ರು. ಪಾಪ, ಅವರ ತಪ್ಪಲ್ಲ ಬಿಡಿ.

ಇದೇ ಸಾಹೇಬರಿಗೆ ಶಾಲೆಯ ಶೌಚಾಲಯಕ್ಕೆ ಚಿಲಕ ಹಾಕಿಸಿ ಎಂದು ಪೋಷಕರೆಲ್ಲ ಸೇರಿ ಅರ್ಜಿ ಕೊಟ್ಟಿದ್ದೆವು. ಪರಿಶೀಲಿಸುತ್ತೇವೆ ಎಂದರು, ಇನ್ನೂ ಪರಿಶೀಲಿಸುತ್ತಲೇ ಇದ್ದಾರೆ. ಹೆಣ್ಣುಮಕ್ಕಳು ಒಬ್ಬರು ಒಳಗೆ ಹೋದರೆ ಇನ್ನೊಬ್ಬರು ಹೊರಗೆ ಬಾಗಿಲು ಹಿಡಿದು ನಿಲ್ಲುತ್ತಾರೆ. ಒಬ್ಬರಿಗೊಬ್ಬರು ಆಗುವುದನ್ನು ಇಲಾಖೆ ಹೀಗೆ ಖರ್ಚಿಲ್ಲದೆ ಕಲಿಸಿಬಿಟ್ಟಿದೆ! ಸಂತೆಮಾಳದ ತಿರುವಿನ ಗುಂಡಿ, ಕೆರೆ ಏರಿಯ ಬೀದಿದೀಪ, ಅವುಗಳ ಕಥೆ ಬರೆದರೆ ನಿಮ್ಮ ಪುಟ ಸಾಲದು.

ಸಂಬಂಧಪಟ್ಟವರು ಇನ್ನಾದರೂ ಗಮನ ಕೊಡಲಿ. ವಾರದ ಆ ಗಂಟೆ ಮಕ್ಕಳಿಗೆ ಸಿಗಲಿ, ಚಿಲಕವೂ ಬೀಳಲಿ. ಮೊದಲು ಅಧಿಕಾರಿಗಳನ್ನೇ ಕೂರಿಸಿ ಈ ತರಬೇತಿ ಕೊಡಿ. ಅವರು ಟೈಮಿಗೆ ಬರುತ್ತಾರೆಂಬ ನಂಬಿಕೆ ನನಗಿಲ್ಲ. ಸ್ವಲ್ಪ ನಾಚಿಕೆಯಾದರೂ ಬೇಡವೇ ಇವರಿಗೆ?

– ನೊಂದ ತಾಯಿ, ಸಂತೆಮಾಳ ಬಡಾವಣೆ