ಸಹಿ ಮದುವೆಯೋ, ಶಾಸ್ತ್ರ ಮದುವೆಯೋ?

ಮಾನ್ಯ ಸಂಪಾದಕರೇ,

ನಾನು ಕಾರವಾರದಲ್ಲಿ ಮದುವೆ ಫೋಟೋ ತೆಗೆಯುವವನು. ಮದುವೆ ಫೋಟೋ ಬರೀ ನೆನಪಿಗಲ್ಲ, ಕಾಗದಪತ್ರಕ್ಕೂ ಬೇಕು. ಪಾಸ್‌ಪೋರ್ಟಿಗೆ, ಪಿಂಚಣಿಗೆ ಅಂತ ವರ್ಷಗಳ ಮೇಲೆ ಸ್ಟುಡಿಯೋ ಹುಡುಕಿಕೊಂಡು ಬರುವವರು ಇದ್ದೇ ಇರುತ್ತಾರೆ.

2024ರಲ್ಲಿ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಸುಪ್ರೀಂ ಕೋರ್ಟ್ ಪೀಠದ ಮುಂದೆ ಇಬ್ಬರು ಪೈಲಟ್‌ಗಳ ಪ್ರಕರಣ ಬಂದಿತ್ತು. ಯಾವ ಶಾಸ್ತ್ರವೂ ಆಗದೆ, ಸಂಸ್ಥೆಯೊಂದರ ಸರ್ಟಿಫಿಕೇಟ್ ತೋರಿಸಿ ನೋಂದಣಿ ಮಾಡಿಸಿದ್ದರು. 1955ರ ಹಿಂದೂ ವಿವಾಹ ಕಾಯ್ದೆಯ 7ನೇ ಕಲಂನಂತೆ ಶಾಸ್ತ್ರ ನಡೆಯದಿದ್ದರೆ ಬರೀ ನೋಂದಣಿಯಿಂದ ಮದುವೆ ಆಗುವುದಿಲ್ಲ ಎಂದಿತು ಪೀಠ. ಕಾನೂನು ಇರುವುದೇ ಹಾಗೆ. ನನ್ನ ತಕರಾರು ಆ ಕಾನೂನಿನ ಮೇಲೆ.

ಗಂಡಿನ ಕಡೆಯದೋ ಹೆಣ್ಣಿನ ಕಡೆಯದೋ ಸಂಪ್ರದಾಯ ನಡೆಯಬೇಕು. ಅದರಲ್ಲಿ ಸಪ್ತಪದಿ ಇದ್ದರೆ ಏಳನೇ ಹೆಜ್ಜೆಗೇ ಮದುವೆ ಪೂರ್ಣ. ಆ ಹೆಜ್ಜೆ ಯಾರು ನೋಡುತ್ತಾರೆ ಹೇಳಿ? ತಾಳಿ ಕಟ್ಟಿ ಅಕ್ಷತೆ ಬಿದ್ದದ್ದೇ, ಜನ ಊಟದ ಹಾಲ್‌ನಲ್ಲಿ ಜಾಗ ಹಿಡಿದಿರುತ್ತಾರೆ. ಮಂಟಪದಲ್ಲಿ ಉಳಿಯುವುದು ಭಟ್ಟರು, ಮದುಮಕ್ಕಳು, ಮನೆಯವರು ನಾಲ್ಕು ಜನ, ಆಮೇಲೆ ನಾನು. ಹೋಮದ ಹೊಗೆಗೆ ಕಣ್ಣು ಬಿಡಲಾಗುವುದಿಲ್ಲ. ಅಕ್ಕಿ ಗುಡ್ಡೆಯ ಮೇಲೆ ಕಾಲಿಡುವುದನ್ನು ನೆಲಕ್ಕೆ ಬಗ್ಗಿ ತೆಗೆಯಬೇಕು. "ಭಟ್ರೇ, ಒಂದ್ನಿಮಿಷ" ಅಂದರೆ ಅವರಿಗೆ ಸಿಟ್ಟು. ಕಾನೂನಿಗೆ ಮುಖ್ಯವಾದ ಫೋಟೋನೇ ಆಲ್ಬಮ್ಮಿನಲ್ಲಿ ತೀರಾ ಕಳಪೆ!

ಗೋವಾ ಗಡಿಯ ಮಾಜಾಳಿ ದಾಟಿದರೆ ಲೆಕ್ಕ ಬೇರೆ. ಕಾಣಕೋಣದ ಮದುವೆಗಳಿಗೂ ಹೋಗುತ್ತೇನೆ. ಗೋವಾದಲ್ಲಿ ಪೋರ್ಚುಗೀಸರ ಕಾಲದ ಸಿವಿಲ್ ಕಾನೂನು ಇನ್ನೂ ಇದೆ. ಹುಡುಗ, ಹುಡುಗಿ ಸಿವಿಲ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮೊದಲು ಇಚ್ಛೆ ತಿಳಿಸಿ, ಆಮೇಲೆ ಇನ್ನೊಮ್ಮೆ ಹೋಗಿ ಸಹಿ ಹಾಕಬೇಕು. ಹಿಂದೂಗಳಿಗೆ ಅದೇ ಮದುವೆ, ದೇವಸ್ಥಾನದ್ದು ಮನೆಯವರ ಸಂತೋಷಕ್ಕೆ. ಅದೇ ಕೊಂಕಣಿ, ಅದೇ ಮಂತ್ರ, ಅದೇ ಊಟ. ವಾರ್ಷಿಕೋತ್ಸವ ಯಾವ ದಿನ ಅಂತ ಗಂಡ ಹೆಂಡತಿ ನನ್ನೆದುರೇ ವಾದ ಮಾಡಿದ್ದೂ ಉಂಟು.

ಶಾಸ್ತ್ರ ಬೇಡದವರಿಗೆ 1954ರ ವಿಶೇಷ ವಿವಾಹ ಕಾಯ್ದೆ ಇದೆಯಲ್ಲ ಅನ್ನಬಹುದು. ಇದೆ. ಆದರೆ ನೋಟಿಸ್ ಕೊಟ್ಟು 30 ದಿನ ಕಾಯಬೇಕು, ಹೆಸರು ವಿಳಾಸ ಕಚೇರಿ ಬೋರ್ಡಿನ ಮೇಲೆ ಅಂಟಿಸುತ್ತಾರೆ. ನಮ್ಮಂಥ ಊರಲ್ಲಿ ಯಾರಾದರೂ ಅದನ್ನು ಮೊಬೈಲಿನಲ್ಲಿ ತೆಗೆದು ವಾಟ್ಸಾಪಿಗೆ ಬಿಟ್ಟರೆ ಮುಗೀತು. ಜಾತಿ ಬೇರೆಯಾಗಿದ್ದರಂತೂ ಆ ತಿಂಗಳು ಹೇಗೆ ಕಳೆಯಬೇಕು?

ತಮಿಳುನಾಡು 1967ರಲ್ಲೇ ಹಿಂದೂ ವಿವಾಹ ಕಾಯ್ದೆಗೆ 7ಎ ಕಲಂ ಸೇರಿಸಿಕೊಂಡಿತು. ನೆಂಟರು, ಸ್ನೇಹಿತರ ಎದುರು ಒಪ್ಪಿಗೆ ಹೇಳಿ ಹಾರ ಬದಲಿಸಿದರೂ, ಉಂಗುರ ತೊಡಿಸಿದರೂ, ತಾಳಿ ಕಟ್ಟಿದರೂ ಮದುವೆಯೇ. ಪುರೋಹಿತರು ಬೇಕೆಂದಿಲ್ಲ. ಮದುವೆ ವಿಷಯ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದೆ, ಅಂದರೆ ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದು. ರಾಷ್ಟ್ರಪತಿಗಳ ಅಂಕಿತ ಪಡೆದು ಕರ್ನಾಟಕವೂ ಹೀಗೆ ಮಾಡಬಹುದು. ಕುವೆಂಪು ಅವರು ಮಂತ್ರ ಮಾಂಗಲ್ಯ ಎಂಬ ಸರಳ ಮದುವೆಯ ದಾರಿ ತೋರಿಸಿದ ನಾಡು ಇದು, ಅಲ್ವಾ?

ಹಾಗೆ ನೋಡಿದರೆ ನನ್ನ ಹೊಟ್ಟೆ ತುಂಬುವುದು ಶಾಸ್ತ್ರದ ಮದುವೆಯಿಂದಲೇ, ಅದರಲ್ಲೇ ಫೋಟೋ ಜಾಸ್ತಿ. ಬೇಕಾದವರು ಏಳಲ್ಲ, ಎಪ್ಪತ್ತು ಹೆಜ್ಜೆ ಇಡಲಿ. ಬೇಡದವರಿಗೆ ಸಹಿ ಸಾಕಾಗಬೇಕು. ನಮ್ಮ ಜಿಲ್ಲೆಯ ಶಾಸಕರು ಮುಂದಿನ ಅಧಿವೇಶನದಲ್ಲಿ 7ಎ ಥರದ ತಿದ್ದುಪಡಿ ಕೇಳಲಿ. ವಿಶೇಷ ವಿವಾಹದ ನೋಟಿಸಿನಿಂದ ವಿಳಾಸವನ್ನಾದರೂ ತೆಗೆಯಿರಿ ಅಂತ ಸರ್ಕಾರ ಕೇಂದ್ರಕ್ಕೆ ಬರೆಯಲಿ.

– ಮದುವೆ ಫೋಟೋಗ್ರಾಫರ್, ಕೋಡಿಬಾಗ, ಕಾರವಾರ