ಹಳೇ ಹತಾರದ ಮೇಲಿನ ಹೆಸರು ಅಳಿಸಬೇಡಿ

ಮಾನ್ಯ ಸಂಪಾದಕರೇ,

ಬೆಳಗಾವಿ ಭಾಗದ ಗುಜರಿ ಅಂಗಡಿಗಳಲ್ಲಿ ಹಳೇ ರಂದಾ, ಉಳಿ, ಗರಗಸಗಳನ್ನು ಗ್ರೈಂಡರ್ ಹಿಡಿದು ಬೆಳ್ಳಗೆ ಮಾಡಿ ಮಾರುತ್ತಾರೆ. ತುಕ್ಕಿನ ಜೊತೆಗೇ ಅದರ ಒಡೆಯ ಹೊಡೆಸಿದ ಹೆಸರೂ ಹೋಗಿಬಿಡುತ್ತದೆ. ಅಚ್ಚಿನ ಆಳ ಎಷ್ಟೋ ಸಲ ಅರ್ಧ ಮಿಲಿಮೀಟರೂ ಇರುವುದಿಲ್ಲ.

ವಿಲಾಯಿತಿ ಕಟ್ಟಿಗೆ ರಂದಾದ ಮುಂದಿನ ತುದಿ ನೋಡಿ. ನಡುವೆ, ಹಲವು ಸಲ ಹಲ್ಲುಹಲ್ಲಿನ ಅಂಚಿನೊಳಗೆ ಇರುವುದು ತಯಾರಕರ ಮುದ್ರೆ. ಅದರ ಸುತ್ತ ಸಾದಾ ಅಕ್ಷರದಲ್ಲಿ ಎರಡು ಮೂರು ಹೆಸರಿದ್ದರೆ, ಅವು ಒಬ್ಬರಾದ ಮೇಲೊಬ್ಬರು ಅದನ್ನು ಹಿಡಿದ ಬಡಿಗರವು. ಉಳಿಯ ಮೇಲಿನ ‘ಕಾಸ್ಟ್ ಸ್ಟೀಲ್’ ಯಾರ ಹೆಸರೂ ಅಲ್ಲ, ಉಕ್ಕಿನ ಜಾತಿ. ಸ್ಟ್ಯಾನ್ಲಿ ಕಂಪನಿಯ ರಂದಾದಲ್ಲಿ ಎರಕ ಹೊಯ್ದ 1910 ಪೇಟೆಂಟ್ ವರ್ಷ. ರಂದಾ ತಯಾರಾದದ್ದು ಎಷ್ಟೋ ಆಮೇಲೆ ಇರಬಹುದು.

ದಂಡಿನ ಊರಾದ ಬೆಳಗಾವಿಯಲ್ಲಿ ಬಾಣದ ಗುರುತನ್ನಂತೂ ಹುಡುಕಲೇಬೇಕು. ಅದು ಬ್ರಿಟಿಷ್ ಸರ್ಕಾರಿ ಸ್ವತ್ತಿನದು. ಕೆಳಗೆ ‘ಐ’ ಇದ್ದರೆ ಅಂದಿನ ಭಾರತ ಸರ್ಕಾರದ್ದು. ಎರಡು ಬಾಣಗಳ ಮೂತಿ ಕೂಡಿದ್ದರೆ ಸರ್ಕಾರವೇ ಮಾರಿದ ಮಾಲು, ಕದ್ದದ್ದಲ್ಲ. ‘ಎಂ.ಎಸ್.ಎಂ.ಆರ್.’ ಎಂದಿದ್ದರೆ, ಬೆಳಗಾವಿಗೆ ರೈಲು ಓಡಿಸಿ 1951ರಲ್ಲಿ ದಕ್ಷಿಣ ರೈಲ್ವೆಯಲ್ಲಿ ಸೇರಿಹೋದ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ ಕಂಪನಿಯದು. ಹಿಡಿಯ ಮೇಲಷ್ಟೇ ಗುರುತಿದ್ದರೆ ಪೂರ್ತಿ ನಂಬಬೇಡಿ, ಹಿಡಿ ಬದಲಾಗುತ್ತಲೇ ಇರುತ್ತದೆ.

ತುಕ್ಕು ತೆಗೆಯಲು ಗ್ರೈಂಡರ್ ಬೇಕಿಲ್ಲ. ರಾತ್ರಿಯಿಡೀ ಸೀಮೆಎಣ್ಣೆಯಲ್ಲಿ ನೆನೆಸಿ, ಬೆಳಿಗ್ಗೆ ಅತಿ ನಯವಾದ ಸ್ಟೀಲ್ ವೂಲ್‌ನಿಂದ ಕೈಯಲ್ಲೇ ಉಜ್ಜಿ. ಅಕ್ಷರದ ಸಂದಿಗೆ ಹಿತ್ತಾಳೆ ಬ್ರಷ್ ಸಾಕು. ವಿನೆಗರಿನಲ್ಲಿ ದಿನಗಟ್ಟಲೆ ಬಿಟ್ಟರೆ ಆಮ್ಲ ಕಬ್ಬಿಣವನ್ನೇ ತಿಂದು ತೆಳು ಅಚ್ಚು ಮಾಯವಾಗುತ್ತದೆ. ಕಟ್ಟಿಗೆಯ ಮೇಲಿನ ಹೆಸರಿಗಂತೂ ನೀರು ತಾಗಿಸಲೇಬಾರದು. ಅಚ್ಚು ಬಿದ್ದಲ್ಲಿ ನಾರು ಅದುಮಿಕೊಂಡಿರುತ್ತದೆ, ನೀರು ಕುಡಿದರೆ ಉಬ್ಬಿ ಅಕ್ಷರ ಮುಚ್ಚಿಕೊಳ್ಳುತ್ತದೆ. ಒಣ ಬ್ರಷ್ ಆಡಿಸಿ, ಕೊನೆಗೆ ಬಟ್ಟೆಗೆ ಎರಡು ಹನಿ ಅಗಸೆ ಎಣ್ಣೆ ಹಾಕಿ ಒರೆಸಿದರೆ ಆಯಿತು. ಎಣ್ಣೆ ಹೆಚ್ಚಾದರೆ ಅಚ್ಚಿನೊಳಗೆ ಕಪ್ಪಾಗಿ ಗಟ್ಟಿಯಾಗುತ್ತದೆ.

ಅಕ್ಷರ ಮಸುಕಾಗಿದ್ದರೆ ಕತ್ತಲಲ್ಲಿ ಟಾರ್ಚನ್ನು ಮಗ್ಗುಲಿಂದ ಓರೆಯಾಗಿ ಹಿಡಿಯಿರಿ, ಆಳವಿಲ್ಲದ ಗೀರೂ ನೆರಳಾಗಿ ಎದ್ದು ಕಾಣುತ್ತದೆ. ಗುಜರಿಯವರಲ್ಲಿ ಕೇಳಿಕೊಳ್ಳುವುದು ಇಷ್ಟೇ: ಹೊಳಪು ಮಾಡಲೇಬೇಕಿದ್ದರೆ ಅಲಗಿಗೆ ಮಾತ್ರ ಮಾಡಿ, ಹೆಸರಿರುವ ಎರಡು ಇಂಚು ಜಾಗ ಮುಟ್ಟಬೇಡಿ. ಮನೆಯವರು ಕೊಡುವ ಮೊದಲು ಗುರುತಿನ ಮೇಲೆ ತೆಳು ಕಾಗದವಿಟ್ಟು ಪೆನ್ಸಿಲ್ ಮಲಗಿಸಿ ಉಜ್ಜಿ, ಆ ಕಾಗದದ ಮೇಲೆ ಹತಾರ ಯಾರಿಂದ ಬಂತೆಂದು ಬರೆದಿಟ್ಟುಕೊಳ್ಳಿ.

– ಹಳೇ ಹತಾರ ಸಂಗ್ರಾಹಕರು, ಬೆಳಗಾವಿ