ಮಗಳಿಗೊಂದು ಪತ್ರ: ಮಳೆ ಪುಸ್ತಕದ ಅಂಚಿನ ಲೆಕ್ಕ

ಪುಟ್ಟಿ,

ಭಾನುವಾರ ನೀನು ಫೋನಿನಲ್ಲಿ ಹೇಳಿದ್ದಕ್ಕೆ ನಾನೂ ನಕ್ಕೆ. ಫೋನ್ ಇಟ್ಟ ಮೇಲೆ ಊಟ ಸೇರಲಿಲ್ಲ. ಹಾಕಿ ಆಟ ಕಲಿಸುವಾಗ, ಸುಲಭದ ಗೋಲು ಬಿಟ್ಟ ಹನ್ನೊಂದು ವರ್ಷದ ಹುಡುಗಿಗೆ ಎಲ್ಲರ ಎದುರು ಬೈದು ಮೈದಾನ ಸುತ್ತಿಸಿದೆ, ಮುಂದಿನ ಪಂದ್ಯದಲ್ಲಿ ಅವಳು ಎರಡು ಗೋಲು ಹೊಡೆದಳು, ‘ನಿನ್ನ ಮದ್ದೇ ಕೆಲಸ ಮಾಡ್ತು ಅಪ್ಪಾ’ ಅಂದೆಯಲ್ಲ. ಅದು ಮದ್ದಲ್ಲ ಮಗಳೇ. ಅದನ್ನು ಹೇಳಲಿಕ್ಕೇ ಈ ಕಾಗದ. ಫೋನಿನಲ್ಲಿ ಹೇಳಹೋದರೆ ನನ್ನ ದನಿ ಏರುತ್ತದೆ.

ಪೊನ್ನಂಪೇಟೆಯಿಂದ ಬರುವಾಗ ಜೀಪಿನಲ್ಲಿ ನಡೆದದ್ದನ್ನು ಬರೆಯುವುದಿಲ್ಲ, ಇಬ್ಬರಿಗೂ ನೆನಪಿದೆ. ವಿರಾಜಪೇಟೆಯ ದಿನ ನಿನಗೆ ನೆನಪಿದೆಯೋ ಇಲ್ಲವೋ. ಮೂರು ಗೋಲು ಹೊಡೆದಿದ್ದೆ. ಪಂದ್ಯ ಮುಗಿದ ಕೂಡಲೇ ಸ್ಟಿಕ್ ಹಿಡಿದುಕೊಂಡೇ ಓಡಿ ಬಂದು ನನ್ನ ಮುಖ ನೋಡುತ್ತಾ ನಿಂತೆ. ನಾನು ‘ಬೂಟಿನ ಕೆಸರು ತೊಳೆದು ಜೀಪು ಹತ್ತು’ ಅಂದೆ. ಅಷ್ಟೇ. ನೀನು ನಲ್ಲಿಯ ಹತ್ತಿರ ಕೂತು ಬಹಳ ಹೊತ್ತು ತೊಳೆದೆ. ಅಷ್ಟು ಕೆಸರೇನೂ ಇರಲಿಲ್ಲ. ನಿನ್ನಮ್ಮ ನನ್ನ ಕಡೆ ಒಮ್ಮೆ ನೋಡಿದಳು, ಸೋಮವಾರಪೇಟೆ ಬರುವವರೆಗೆ ಮಾತಾಡಲಿಲ್ಲ.

ನಾನು ಕಲ್ಲುಮನಸ್ಸಿನವನು ಅಂತಲ್ಲ. ಅದಕ್ಕೆ ಮುಂಚೆ ಕುಶಾಲನಗರದಲ್ಲಿ ಬಾಯ್ತುಂಬ ಹೊಗಳಿದ್ದೆ, ಮುಂದಿನ ಪಂದ್ಯದಲ್ಲಿ ನಿನ್ನ ಆಟ ಪೂರಾ ಬಿದ್ದುಹೋಯಿತು. ಬೈದಾಗಲೆಲ್ಲ ಎದ್ದು ನಿಂತೆ. ಹೊಗಳಿದರೆ ಕೆಡುತ್ತಾಳೆ, ಬೈದರೆ ಸುಧಾರಿಸುತ್ತಾಳೆ ಅಂತ ಕಣ್ಣಾರೆ ಕಂಡಿದ್ದೇನೆ ಅಂದುಕೊಂಡೆ. ಕಣ್ಣಾರೆ ಕಂಡದ್ದೂ ಸುಳ್ಳಾಗುತ್ತದೆ ಅಂತ ಯಾರು ಹೇಳಿದ್ದರೂ ಆಗ ನಂಬುತ್ತಿರಲಿಲ್ಲ.

ಈ ಮಳೆಗೆ ತೋಟಕ್ಕೆ ಇಳಿಯುವ ಹಾಗಿಲ್ಲ. ನೀನು ಬಿಟ್ಟುಹೋದ ಬಿ.ಪಿ.ಎಡ್ (ದೈಹಿಕ ಶಿಕ್ಷಣದ ಪದವಿ) ಪುಸ್ತಕ ತೆಗೆದೆ. ಡೇನಿಯಲ್ ಕಾನೆಮನ್ ಅವರ ಪುಟದಲ್ಲಿ ನೀನೇ ಪೆನ್ಸಿಲ್‌ನಿಂದ ಗೆರೆ ಎಳೆದಿದ್ದೀಯ. 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮನಃಶಾಸ್ತ್ರಜ್ಞರು. ಇಸ್ರೇಲಿನ ವಾಯುಪಡೆಯ ತರಬೇತುದಾರರಿಗೆ ಹೊಗಳಿಕೆಯ ಗುಣ ಹೇಳುತ್ತಿದ್ದಾಗ ಒಬ್ಬ ಹಿರಿಯ ಎದ್ದು ನಿಂತು, ಚೆನ್ನಾಗಿ ವಿಮಾನ ಹಾರಿಸಿದವನನ್ನು ಹೊಗಳಿದರೆ ಮುಂದಿನ ಸಲ ಕೆಡಿಸುತ್ತಾನೆ, ಬೈದರೆ ಸರಿಮಾಡುತ್ತಾನೆ ಅಂದನಂತೆ. ಥೇಟ್ ನನ್ನ ಮಾತು! ಕಾನೆಮನ್ ನೆಲದಲ್ಲಿ ಸೀಮೆಸುಣ್ಣದಿಂದ ಗುರಿ ಬರೆದು, ಬೆನ್ನು ಹಾಕಿ ನಿಂತು ಎರಡೆರಡು ನಾಣ್ಯ ಎಸೆಯಿರಿ ಅಂದರು. ಮೊದಲ ಸಲ ಗುರಿಯ ಹತ್ತಿರ ಎಸೆದವರಲ್ಲಿ ಹೆಚ್ಚಿನವರದು ಎರಡನೆಯ ಸಲ ದೂರ ಬಿತ್ತು, ದೂರ ಎಸೆದವರದು ಹತ್ತಿರ ಬಂತು. ಅಲ್ಲಿ ಹೊಗಳಿದವರೂ ಇಲ್ಲ, ಬೈದವರೂ ಇಲ್ಲ.

ಓದಿ ಮುಗಿಸಿ, ದಿನದಿನದ ಮಳೆ ಬರೆದಿಡುವ ನನ್ನ ಮಳೆ ಪುಸ್ತಕ ತೆಗೆದೆ. ನಿನ್ನ ಪಂದ್ಯಗಳನ್ನೂ ನಾನು ಅದರ ಅಂಚಿನಲ್ಲೇ ಬರೆದಿಟ್ಟಿದ್ದು ನಿನಗೆ ಗೊತ್ತಿರಲಿಕ್ಕಿಲ್ಲ. ಐದಿಂಚು ದಾಟಿದ ದಿನಗಳ ಮರುಸಾಲು ನೋಡಿದೆ: ಬಹುಪಾಲು ಕಡಿಮೆ. ಆಕಾಶಕ್ಕೆ ಯಾರೂ ಬೈದಿರಲಿಲ್ಲ. (2018ರ ಆಗಸ್ಟ್ ಪುಟ ಬೇರೆ. ಆಗ ಬಿಡಲೇ ಇಲ್ಲ, ಗುಡ್ಡಗಳೇ ಜಾರಿದವು. ಹೆಚ್ಚಾಗಿ ಆಗುವುದು ಯಾವಾಗಲೂ ಆಗಬೇಕೆಂದಿಲ್ಲ.) ಆಮೇಲೆ ಅಂಚಿನ ಲೆಕ್ಕ ಹಾಕಿದೆ. ನೀನು ತೀರಾ ಕೆಟ್ಟದಾಗಿ ಆಡಿದ್ದು 14 ಪಂದ್ಯ. ನಾನು ಬೈದದ್ದು 9 ಸಲ, ಅದರಲ್ಲಿ 7 ಸಲ ಮುಂದಿನ ಪಂದ್ಯ ಚೆನ್ನಾಗಿತ್ತು. ಉಳಿದ 5ಕ್ಕೆ ನಾನು ಬಂದೇ ಇರಲಿಲ್ಲ. ಕಾಫಿ ಕುಯ್ಲಿನ ದಿನಗಳು, ಅಮ್ಮ ಬಂದಿದ್ದಳು. ಅವಳು ಕಿತ್ತಳೆ ಸುಲಿದು ಕೊಟ್ಟು ಕರೆದುಕೊಂಡು ಬಂದಳು. ಆ 5ರಲ್ಲಿ 4 ಸಲ ನೀನು ಹಾಗೆಯೇ ಎದ್ದು ನಿಂತಿದ್ದೀಯ.

ಐದು ಪಂದ್ಯದಿಂದ ಏನೂ ಸಾಬೀತಾಗುವುದಿಲ್ಲ, ಒಪ್ಪುತ್ತೇನೆ. ಆದರೆ ಬೈದ 9ರಿಂದಲೂ ಆಗುವುದಿಲ್ಲವಲ್ಲ. ಒಂದು ದಿನದ ಆಟದಲ್ಲಿ ನಿನ್ನ ಕೈಯ ಪಾಲಿದೆ, ಅದೃಷ್ಟದ ಪಾಲೂ ಇದೆ. ಚೆಂಡು ಕಂಬಕ್ಕೆ ತಾಗಿ ಒಳಗೆ ಹೋಯಿತೋ ಹೊರಗೋ, ಗೋಲಿ ಯಾವ ಕಡೆ ವಾಲಿದಳು, ನೆಲ ಎಲ್ಲಿ ಉಬ್ಬಿತ್ತು. ತೀರಾ ಕೆಟ್ಟ ದಿನವೆಂದರೆ ಅದೃಷ್ಟವೂ ಕೈಕೊಟ್ಟ ದಿನ. ಮುಂದಿನ ಸಲವೂ ಅಷ್ಟೇ ಕೈಕೊಡುವುದು ಅಪರೂಪ, ಹಾಗಾಗಿ ಆಟ ತನ್ನ ಮಟ್ಟಕ್ಕೆ ಮರಳುತ್ತದೆ. ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ 1886ರಲ್ಲೇ ಇದನ್ನು ಅಪ್ಪ ಅಮ್ಮ ಮಕ್ಕಳ ಎತ್ತರದಲ್ಲಿ ತೋರಿಸಿದ್ದಾರೆ. ಅರೇಬಿಕಾ ಕಾಫಿ ಒಂದು ವರ್ಷ ಮೈತುಂಬ ಬಿಟ್ಟು ಮರುವರ್ಷ ಸೊರಗುವುದು ಬೇರೆ ವಿಷಯ, ಅಲ್ಲಿ ಗಿಡ ನಿಜಕ್ಕೂ ದಣಿದಿರುತ್ತದೆ. ಎಲ್ಲಿ ಕಾರಣವಿದೆ, ಎಲ್ಲಿ ಬರೀ ಮರಳುವಿಕೆ ಅಂತ ಬೇರೆ ಮಾಡಲು ನನಗೆ ಬರಲಿಲ್ಲ. ನೀನು ಮಕ್ಕಳ ಪಂದ್ಯ ಬರೆದಿಡು. ಬೈದದ್ದು, ಬೈಯದ್ದು ಎರಡನ್ನೂ ಬರೆ. ಒಂದು ಪಂದ್ಯ ನೋಡಿ ಯಾರ ಬಗ್ಗೆಯೂ ತೀರ್ಮಾನ ಮಾಡಬೇಡ. ನೋಡು, ಮತ್ತೆ ಪಾಠ ಶುರುವಾಯಿತು. ಆದರೂ ಇದನ್ನು ಹೊಡೆದುಹಾಕುವುದಿಲ್ಲ.

ಇನ್ನೊಂದಿದೆ. ಅರ್ಜುನ್ ಹಾಲಪ್ಪ, ಎಸ್.ವಿ. ಸುನಿಲ್ ಇದೇ ಸೋಮವಾರಪೇಟೆಯವರು, ನಿನಗೇನು ಕಡಿಮೆ ಅಂತ ದಿನಾ ಬೆಳಿಗ್ಗೆ ಐದಕ್ಕೆ ಎಬ್ಬಿಸುತ್ತಿದ್ದೆ. ಇಂಡಿಯಾಕ್ಕೆ ಆಡಿದವರ ಹೆಸರು ಊರಿಗೆಲ್ಲ ಬಾಯಿಪಾಠ. ಅವರಷ್ಟೇ ಬೆವರು ಹರಿಸಿ ಸ್ಟಿಕ್ಕನ್ನು ಅಟ್ಟಕ್ಕೆ ಹಾಕಿದವರ ಲೆಕ್ಕ ಯಾರೂ ಇಟ್ಟಿಲ್ಲ, ನಾನೂ ಇಟ್ಟಿರಲಿಲ್ಲ. ರಾಜ್ಯ ತಂಡದಲ್ಲಿ ನಿನ್ನ ಹೆಸರು ಬರದ ರಾತ್ರಿ ನಾನು ಆಡಿದ ಮಾತಿಗೆ ಕ್ಷಮೆ ಕೇಳುತ್ತೇನೆ. ನಿನ್ನಲ್ಲಿ ಕೊರತೆ ಇರಲಿಲ್ಲ.

ಆ ಹುಡುಗಿಯ ಯೋಚನೆ ಹೋಗುತ್ತಿಲ್ಲ. ಎರಡು ಗೋಲು ಹೊಡೆದ ದಿನ ಅವಳು ನಿನ್ನ ಕಡೆ ನೋಡಿರುತ್ತಾಳೆ. ನೀನು ಏನಂದೆ? ಅದನ್ನು ಫೋನಿನಲ್ಲಿ ನೀನು ಹೇಳಲಿಲ್ಲ, ನಾನೂ ಕೇಳಲಿಲ್ಲ.

ವಿರಾಜಪೇಟೆಯ ಮೂರನೆಯ ಗೋಲಿಗೆ ನೀನು ಎಡಗಡೆಯಿಂದ ಒಬ್ಬಳನ್ನು ದಾಟಿ, ಇನ್ನೊಬ್ಬಳು ಅಡ್ಡ ಬಂದಾಗ ನಿಂತುಬಿಟ್ಟೆ. ಅವಳು ಮುಂದೆ ಜಾರಿಹೋದಳು. ಆಮೇಲೆ ರಿವರ್ಸ್ ಸ್ಟಿಕ್‌ನಲ್ಲಿ ಹೊಡೆದೆ, ಹಲಗೆಗೆ ಬಡಿದ ಸದ್ದು ಜೀಪಿನವರೆಗೆ ಕೇಳಿಸಿತು. ನಾನು ಎದ್ದು ನಿಂತಿದ್ದೆ ಪುಟ್ಟಿ. ನೀನು ಓಡಿ ಬರುವಷ್ಟರಲ್ಲಿ ಕೂತುಬಿಟ್ಟೆ.

ನಿನ್ನ
ಅಪ್ಪ